ನಿಧಾನದ ತಂಡ

ಆಸ್ಪತ್ರೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಬೆಟ್ಟ ಹತ್ತುವವರ ಪಟ್ಟಿಯಲ್ಲಿ ಇಸ್ತ್ರಿ ಅಕ್ಕ ತನ್ನ ಹೆಸರು ಬರೆದಾಗ ಅವಳಿಗೆ ಐವತ್ತಾರು ವರ್ಷ, ಎಂಬತ್ತೊಂದು ಕಿಲೋ ತೂಕ. ಮಾರನೆಯ ದಿನ ನೋಡಿದರೆ ಹೆಸರಿನ ಪಕ್ಕ ಯಾರೋ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಎಳೆದಿದ್ದರು. ಅಕ್ಕ ಹೆಬ್ಬೆರಳಿಗೆ ಎಂಜಲು ಹಚ್ಚಿ ಅದನ್ನು ಉಜ್ಜಿದಳು. ಚಿಹ್ನೆ ಹೋಯಿತು, ಜೊತೆಗೆ ಕಾಗದವೂ ಅಷ್ಟು ಹರಿಯಿತು. ಔಷಧಿ ಕೌಂಟರಿನವನ ಹತ್ತಿರ ಪೆನ್ನು ಇಸಿದುಕೊಂಡು ಹರಿದ ಜಾಗದ ಕೆಳಗೆ ತನ್ನ ಹೆಸರನ್ನು ಇನ್ನೊಮ್ಮೆ, ಮೊದಲಿಗಿಂತ ದಪ್ಪಗೆ ಬರೆದಳು.

"ಅಕ್ಕ, ಒಂದೇ ಸಲ ಬರೆದ್ರೆ ಸಾಕು," ಅಂದ ಕೌಂಟರಿನವನು.

"ಕಣ್ಣು ಮಂಜಾದೋರೂ ಓದ್ಲಿ ಅಂತ," ಎಂದು ಪೆನ್ನು ವಾಪಸು ಕೊಟ್ಟು ಅವಳು ಕೆಳಗಿಳಿದು ಹೋದಳು.

ಅವಳ ಕೆಲಸ ನೆಲಮಾಳಿಗೆಯಲ್ಲಿ. ಏಳು ಮಹಡಿಯ ಆಸ್ಪತ್ರೆಯ ಅಷ್ಟೂ ಹಾಸಿಗೆಗಳ ಚಾದರಗಳು, ಡಾಕ್ಟರುಗಳ ಕೋಟುಗಳು, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳು ಒಗೆಯುವ ಯಂತ್ರಗಳಿಂದ ಹೊರಬಿದ್ದು ಅವಳ ಕೋಣೆಗೇ ಬರಬೇಕು. ಅಲ್ಲಿ ಎರಡಾಳುದ್ದದ ಬಿಸಿ ರೋಲರು ಬೆಳಿಗ್ಗೆ ಏಳರಿಂದ ತಿರುಗುತ್ತಲೇ ಇರುತ್ತದೆ. ಒಂದು ತುದಿಯಲ್ಲಿ ಚಾದರದ ಅಂಚು ಹಿಡಿದು ಒಳಗೆ ಬಿಡಬೇಕು, ಇನ್ನೊಂದು ತುದಿಗೆ ಹೋಗಿ ಹಿಡಿಯಬೇಕು, ಇಬ್ಬರು ಎದುರುಬದುರು ನಿಂತು ಹತ್ತಿರ ಬಂದು ಮಡಚಬೇಕು. ಕಿಟಕಿ ಇಲ್ಲ. ಹೊರಗೆ ಮಳೆಯೋ ಬಿಸಿಲೋ ಅನ್ನುವುದು ಗೊತ್ತಾಗುವುದು ಮೇಲಿಂದ ಬರುವವರ ಚಪ್ಪಲಿ ನೋಡಿದಾಗಲೇ. ಹೀಗೆ ಮೂವತ್ತೊಂದು ವರ್ಷ. ಮೊಣಕೈವರೆಗೆ ಸುಟ್ಟ ಕಲೆಗಳು, ಮಾತು ಮಾತ್ರ ರೋಲರಿನ ಸದ್ದಿಗೆ ಒಗ್ಗಿ ಒಗ್ಗಿ ಊರಿಗೆಲ್ಲ ಕೇಳುವಷ್ಟು ಜೋರು.

ಅವಳಿಗೆ ಬೆಟ್ಟದ ಹುಚ್ಚು ಹಿಡಿದಿದ್ದು ಕ್ಯಾಂಟೀನಿನಲ್ಲಿ. ಆಸ್ಪತ್ರೆಯ ನೌಕರರು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಬಹಳ ದೂರದ ಒಂದು ಬೆಟ್ಟಕ್ಕೆ ಹೋಗುತ್ತಿದ್ದರು. ಹೋಗಿಬಂದ ಮೇಲೆ ವಾರಗಟ್ಟಲೆ ಅದೇ ಮಾತು. ಆ ದಿನ ಅಕ್ಕ ಚಹಾದ ಲೋಟ ಹಿಡಿದುಕೊಂಡು ಪಕ್ಕದ ಮೇಜಿನವರನ್ನು ಸುಮ್ಮನೆ ಕೇಳಿದಳು: "ಮೇಲಿಂದ ಏನು ಕಾಣುತ್ತೆ?" ರೆಕಾರ್ಡ್ ಕೋಣೆಯ ಗುಮಾಸ್ತ ನಗುತ್ತಾ, "ನೆಲಮಾಳಿಗೆಯವರಿಗೆ ಮೇಲಿನ ಸುದ್ದಿ ಯಾಕಕ್ಕ?" ಅಂದ. ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಅವನಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ಬಾಯಿಗೆ ಬಂದದ್ದು ಅಂದುಬಿಟ್ಟ. ಆದರೆ ಅಕ್ಕ ಅರ್ಧ ಚಹಾ ಹಾಗೇ ಬಿಟ್ಟು ಎದ್ದಳು. ಒಂಬತ್ತು ತಿಂಗಳು ಆ ಮಾತನ್ನು ಒಳಗಿಟ್ಟುಕೊಂಡು, ಹೊಸ ಪಟ್ಟಿ ಬಿದ್ದ ದಿನ ಎಲ್ಲರಿಗಿಂತ ಮೊದಲು ಹೋಗಿ ಹೆಸರು ಬರೆದಳು.

ಪ್ರಶ್ನೆ ಚಿಹ್ನೆ ಅಳಿಸಿದ ಮೂರನೇ ದಿನ ಎಕ್ಸ್‌ರೇ ವಿಭಾಗದವನು ನೆಲಮಾಳಿಗೆಗೆ ಇಳಿದು ಬಂದ. ಬೆಟ್ಟದ ಪ್ರಯಾಣ ಹುಟ್ಟುಹಾಕಿದವನೇ ಅವನು. ಹತ್ತೊಂಬತ್ತು ವರ್ಷಗಳಿಂದ ಮುಂದಾಳು, ಹಾಗಾಗಿ ಎಲ್ಲರ ಬಾಯಲ್ಲೂ ಕ್ಯಾಪ್ಟನ್. ತೆಳ್ಳಗಿನ ಆಳು, ಗಡಿಯಾರ ನೋಡದೆ ಉಸಿರೂ ಬಿಡುವವನಲ್ಲ.

"ಅಕ್ಕ, ತಪ್ಪು ತಿಳ್ಕೋಬೇಡಿ," ಅಂದ. "ಹನ್ನೊಂದು ಕಿಲೋಮೀಟರ್ ಹತ್ಬೇಕು, ಹನ್ನೊಂದು ಇಳೀಬೇಕು. ಮಧ್ಯದಲ್ಲಿ ಕಾಲು ಕೈಕೊಟ್ರೆ ಹೊತ್ಕೊಂಡು ಬರೋಕೆ ಅಲ್ಲಿ ಯಾರೂ ಇಲ್ಲ. ಫೋನೂ ಸಿಗಲ್ಲ."

"ನಾನು ಯಾರಿಗಾದ್ರೂ ಹೊತ್ಕೊಳ್ಳಿ ಅಂದೆನಾ?"

"ನಿಮಗೆ ಅಭ್ಯಾಸ ಇಲ್ಲ."

ಅಕ್ಕ ರೋಲರಿನಿಂದ ಹೊರಬರುತ್ತಿದ್ದ ಚಾದರದ ಒಂದು ತುದಿಯನ್ನು ಅವನ ಕೈಗೆ ಹಾಕಿ, ಇನ್ನೊಂದನ್ನು ತಾನು ಹಿಡಿದುಕೊಂಡಳು. "ಹಿಡ್ಕೊಳ್ಳಿ. ಮಾತಾಡ್ತಾ ಮಡಚೋಣ." ಕ್ಯಾಪ್ಟನ್ ಹಿಡಿದ. ಬಿಸಿ ತಾಗಿ ಕೈ ಬದಲಾಯಿಸಿದ. ಹತ್ತನೇ ಚಾದರಕ್ಕೆ ಅವನ ಹಣೆಯಲ್ಲಿ ಬೆವರು.

"ದಿನಕ್ಕೆ ನಾನೂರು," ಅಂದಳು ಅಕ್ಕ. "ನಿಂತ್ಕೊಂಡೇ. ನೀವು ಕುರ್ಚಿ ಮೇಲೆ ಕೂತು ಗುಂಡಿ ಒತ್ತೋರು. ಅಭ್ಯಾಸದ ಮಾತು ನನ್ನ ಹತ್ರ ಬೇಡ."

ಕ್ಯಾಪ್ಟನ್ ಸೋತೆ ಅನ್ನುವ ಪೈಕಿ ಅಲ್ಲ. "ಸರಿ, ಹೃದಯದ ಡಾಕ್ಟರಿಂದ ಚೀಟಿ ತನ್ನಿ. ಆಮೇಲೆ ನೋಡೋಣ," ಎಂದು ಮೇಲೆ ಹೋದ. ಬೇರೆ ಯಾರಿಗೂ ಅವನು ಚೀಟಿ ಕೇಳಿರಲಿಲ್ಲ. ಅಕ್ಕ ಅದೇ ವಾರ ಚೀಟಿ ತಂದಳು. ಡಾಕ್ಟರು ಎದೆಗೆ ತಂತಿ ಅಂಟಿಸಿ ಓಡುವ ಯಂತ್ರದ ಮೇಲೆ ನಡೆಸಿ, "ನಿಮ್ಮ ಹೃದಯಕ್ಕೆ ಏನೂ ಆಗಿಲ್ಲಮ್ಮ, ನಿಮ್ಮ ಮೊಣಕಾಲನ್ನೂ ಒಂದು ಮಾತು ಕೇಳಿ," ಎಂದು ಸಹಿ ಹಾಕಿದ್ದರು.

ಮನೆಯಲ್ಲಿ ಇನ್ನೊಂದು ರಾಮಾಯಣ. ಗಂಡನದು ಬ್ಯಾಗು ರಿಪೇರಿಯ ಅಂಗಡಿ. ಮನೆಯ ಮುಂಭಾಗದ ಕೋಣೆಯೇ ಅಂಗಡಿ, ಜಿಪ್ಪು ಹೋದ ಸೂಟ್‌ಕೇಸುಗಳ ನಡುವೆ ಹೊಲಿಗೆ ಯಂತ್ರ, ಅದರ ಹಿಂದೆ ಅವನು. ವಿಷಯ ಕೇಳಿ ಕನ್ನಡಕ ಹಣೆಗೇರಿಸಿಕೊಂಡ.

"ಸೊಪ್ಪು ತರೋಕೆ ಹೋದ್ರೆ ರಿಕ್ಷಾದಲ್ಲಿ ಬರೋಳು ನೀನು."

"ಸೊಪ್ಪಿಗೋಸ್ಕರ ಯಾರು ಬೆವರು ಸುರಿಸ್ತಾರೆ?"

"ಬೆಟ್ಟದ ಮೇಲೆ ಏನಿದೆ ಅಂತ?"

"ಅದನ್ನೇ ನೋಡೋಕೆ ಹೋಗ್ತಿರೋದು."

ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ಫೋನಿನಲ್ಲೇ ಅತ್ತಳು. "ಅಮ್ಮ, ನಿಂಗೇನಾದ್ರೂ ಆದ್ರೆ?" "ಏನಾದ್ರೂ ಆಗೋದಿದ್ರೆ ನೆಲಮಾಳಿಗೇಲೂ ಆಗುತ್ತೆ ಕಣೇ. ಬೆಟ್ಟದಲ್ಲಿ ಗಾಳಿನಾದ್ರೂ ಇರುತ್ತೆ," ಎಂದು ಅಕ್ಕ ಫೋನಿಟ್ಟಳು.

ಎರಡು ತಿಂಗಳು ಕೆಲಸ ಮುಗಿದ ಮೇಲೆ ಲಿಫ್ಟು ಬಿಟ್ಟು ಏಳು ಮಹಡಿಯ ಮೆಟ್ಟಿಲು ಹತ್ತಿ ಇಳಿದಳು. ಮೊದಲ ವಾರ ಒಂದು ಸಲ, ಕೊನೆಯ ವಾರ ಆರು ಸಲ, ಬೆನ್ನಿಗೆ ಒದ್ದೆ ಚಾದರದ ಗಂಟು. ಮೂರನೇ ಮಹಡಿಯಲ್ಲಿ ರೋಗಿಗಳ ಕಡೆಯವರು "ಲಿಫ್ಟ್ ಕೆಟ್ಟಿದೆಯಾ?" ಎಂದು ಕೇಳಿ ಕೇಳಿ ಸುಸ್ತಾದರು. ಗಂಡ ಒಂದು ಮಾತೂ ಒಳ್ಳೆಯದು ಆಡಲಿಲ್ಲ. ಆದರೆ ಹೊರಡುವ ಹಿಂದಿನ ದಿನ ನೋಡಿದರೆ ಹೊಲಿಗೆ ಯಂತ್ರದ ಪಕ್ಕ ಹೊಸ ಚೀಲವೊಂದು ಕೂತಿತ್ತು. ಅಗಲ ಪಟ್ಟಿ, ಭುಜಕ್ಕೆ ಮೆತ್ತೆ, ಸೊಂಟಕ್ಕೆ ಕಟ್ಟಿಕೊಳ್ಳಲು ಬೆಲ್ಟು. "ಯಾರೋ ಗಿರಾಕಿ ಬಿಟ್ಟುಹೋದ ಬಟ್ಟೆ ಇತ್ತು," ಅಂದ, ತಲೆ ಎತ್ತದೆ.

ಬೆಟ್ಟದ ಬುಡಕ್ಕೆ ರಸ್ತೆ ಮುಗಿಯುವಲ್ಲಿ ಒಂದು ಉದ್ದನೆಯ ಶೆಡ್ಡಿತ್ತು. ಬಸ್ಸು ಹಿಂದಿನ ಸಂಜೆಯೇ ಎಲ್ಲರನ್ನೂ ಅಲ್ಲಿ ತಂದು ಬಿಟ್ಟಿತ್ತು. ಬೆಳಿಗ್ಗೆ ಆರಕ್ಕೆ ಇಪ್ಪತ್ತನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಕ್ಯಾಪ್ಟನ್ ನಿಯಮ ಹೇಳಿದ: "ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ದರೂ ಸರಿ, ಯಾರಾಗಿದ್ದರೂ ಸರಿ, ತಿರುಗಬೇಕು. ಆರೂವರೆಗೆ ಬಸ್ಸು ಹೊರಡುತ್ತೆ." ಕೊನೆಯಲ್ಲಿ ಬರುವವರ ಜೊತೆ ನಡೆಯಲು ಔಷಧಿ ಕೌಂಟರಿನವನನ್ನು ನೇಮಿಸಿದ. ಅವನೂ ಗುಡಾಣದಂಥ ಆಳು, ಹೇಗೂ ಹಿಂದೆಯೇ ಉಳಿಯುವವನು.

ಕಾಡಿನೊಳಗೆ ಮೊದಲ ಅರ್ಧ ಗಂಟೆಯಲ್ಲೇ ಮುಂದಿನವರ ಸದ್ದು ಅಡಗಿತು. ಅಕ್ಕ ತನ್ನ ಪಾಡಿಗೆ ತಾನು ನಡೆದಳು. ನಡಿಗೆ ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಬೇರೆಯೇ. ಹಳ್ಳ ದಾಟುವ ಜಾಗದಲ್ಲಿ ಮುಂದಿನವರೆಲ್ಲ ಬಂಡೆಗಳ ಮೇಲೆ ಕೂತು ಬಾಳೆಹಣ್ಣು ತಿಂದು, ನೀರು ಕುಡಿದು, ಕಾಲು ಚಾಚಿ ಇವಳಿಗಾಗಿ ಕಾಯುತ್ತಿದ್ದರು. ಇವಳ ತಲೆ ಕಂಡದ್ದೇ ತಡ, "ಬಂದ್ರು, ಬಂದ್ರು, ಹೊರಡೋಣ!" ಎಂದು ಎದ್ದರು. ಅವರಿಗೆ ಇಪ್ಪತ್ತು ನಿಮಿಷ ವಿಶ್ರಾಂತಿ, ಇವಳಿಗೆ ಬೂಟಿನೊಳಗಿನ ಕಲ್ಲು ತೆಗೆಯಲೂ ಪುರಸೊತ್ತಿಲ್ಲ. ಕಾಡು ಮುಗಿದು ಹುಲ್ಲು ಶುರುವಾಗುವಲ್ಲೂ ಅದೇ ಕಥೆ. ಮೂರನೇ ಕಡೆಯಲ್ಲೂ ಅವರು ಏಳುವುದನ್ನು ನೋಡಿ ಅಕ್ಕನಿಗೆ ರೇಗಿತು.

"ನೋಡಿದ್ಯಾ?" ಅಂದಳು ಕೌಂಟರಿನವನಿಗೆ. "ಕಾಯ್ತಿರೋದು ನನಗೋಸ್ಕರ, ಕೂತ್ಕೊಂಡು ಸುಧಾರಿಸ್ಕೊಳ್ತಿರೋದು ಅವರು. ನನ್ನ ವಿಶ್ರಾಂತಿನೂ ಅವರೇ ತಿಂತಿದಾರೆ!"

"ಹದಿನಾಲ್ಕು ವರ್ಷದಿಂದ ನಂದೂ ಇದೇ ಹಣೆಬರಹ ಅಕ್ಕ," ಅಂದ ಅವನು, ಏದುಸಿರು ಬಿಡುತ್ತಾ. "ನಾನು ದಪ್ಪ ಇರೋದಕ್ಕೆ ಅಂದ್ಕೊಂಡಿದ್ದೆ."

ಬೆಟ್ಟದ ಹೆಗಲು ಅನ್ನುವಂಥ ಬಯಲು ಮುಟ್ಟುವಾಗ ಒಂದೂಕಾಲು. ಅಷ್ಟರಲ್ಲಿ ಶಿಖರ ಮುಟ್ಟಿ, ಬುತ್ತಿ ಮುಗಿಸಿ, ಮುಂದಿನವರು ಕೆಳಗಿಳಿಯುತ್ತಿದ್ದರು. ಮುಂದೆ ಕ್ಯಾಪ್ಟನ್.

"ಸಾಕು ಅಕ್ಕ, ಇಷ್ಟು ದೂರ ಬಂದಿದ್ದೇ ದೊಡ್ಡದು," ಅಂದ ಅವನು. "ಇನ್ನು ನಮ್ಮ ಜೊತೆ ತಿರುಗಿ."

"ಗಂಟೆ ಎಷ್ಟು?"

"ಒಂದೂಕಾಲು."

"ಎರಡಕ್ಕೆ ತಿರುಗ್ಬೇಕು ಅಂದಿದ್ದು ಯಾರು?"

"ಅದು... ನೀವು ಮುಟ್ಟಲ್ಲ ಅಕ್ಕ. ನಿಮ್ಮ ನಡಿಗೇಲಿ ಇನ್ನೂ ಒಂದು ಗಂಟೆ ಇದೆ."

"ಮುಟ್ತೀನೋ ಬಿಡ್ತೀನೋ, ನಲವತ್ತೈದು ನಿಮಿಷ ನಂದು. ಅದನ್ನ ಕೊಡೋದು ಬಿಡೋದು ನಿಮ್ಮ ಕೈಲಿಲ್ಲ. ದಾರಿ ಬಿಡಿ."

ಇಪ್ಪತ್ತೆರಡು ಜನ ನೋಡುತ್ತಾ ನಿಂತಿದ್ದರು. ಕ್ಯಾಪ್ಟನ್ ಪಕ್ಕಕ್ಕೆ ಸರಿದ. ಕೌಂಟರಿನವನು ಒಂದು ಕ್ಷಣ ಇತ್ತಲೂ ಅತ್ತಲೂ ನೋಡಿ, ಅಕ್ಕನ ಹಿಂದೆ ಹೆಜ್ಜೆ ಹಾಕಿದ.

ಹೆಗಲಿನಿಂದ ಮೇಲೆ ಬರೀ ಕಲ್ಲು. ಗಾಳಿ ಚೀಲವನ್ನು ಹಿಡಿದು ಜಗ್ಗುತ್ತಿತ್ತು. ಅಕ್ಕ ಕೈ ಊರಿದಳು, ಮೊಣಕಾಲು ಊರಿದಳು, ಒಂದೆರಡು ಕಡೆ ಕೂತೇ ಸರಿದಳು. ಕೊನೆಯ ಏರಿಗೆ ಬಂದಾಗ ಶಿಖರದ ಕಲ್ಲುಗುಪ್ಪೆ ಕಂಡಿತು. ಬರಿಗಣ್ಣಿಗೆ ಒಂದೊಂದು ಕಲ್ಲೂ ಬೇರೆ ಬೇರೆ ಕಾಣುವಷ್ಟು ಹತ್ತಿರ. ಆಗ ಅವಳು, "ಗಂಟೆ?" ಅಂದಳು.

"ಎರಡು," ಅಂದ ಕೌಂಟರಿನವನು. "ಅಕ್ಕ, ಇನ್ನು ಹದಿನೈದೇ ನಿಮಿಷ. ಹೋಗಿಬಿಡೋಣ. ಯಾರು ನೋಡ್ತಾರೆ?"

ಅಕ್ಕ ಬಂಡೆಯ ಮೇಲೆ ಕೂತಳು. ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂತು ಎಂದು ನೆಪ ಹೇಳಬಹುದಿತ್ತು, ಹೇಳಲಿಲ್ಲ.

"ಎರಡು ಅಂದ್ರೆ ಎರಡು," ಅಂದಳು. "ಅದೇ ನಿಯಮ ಹಿಡ್ಕೊಂಡು ಅವನನ್ನ ಪಕ್ಕಕ್ಕೆ ಸರಿಸಿದೀನಿ. ಈಗ ನಾನೇ ಅದನ್ನ ಮುರಿದ್ರೆ ನನ್ನ ಬಾಯಿಗೆ ಬೆಲೆ ಏನು? ನಡಿ, ತಿರುಗು."

ಆರು ಇಪ್ಪತ್ತೈದಕ್ಕೆ ಇಬ್ಬರೂ ಬಸ್ಸು ಮುಟ್ಟಿದರು. ಹೊತ್ತಿಗೆ ಸರಿಯಾಗಿ ಬಂದದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬಸ್ಸಿನಲ್ಲಿ ಕ್ಯಾಪ್ಟನ್ ಎದ್ದುನಿಂತು, "ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಶಿಖರ!" ಎಂದು ಘೋಷಿಸಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಸೋಮವಾರ ಕ್ಯಾಂಟೀನಿನಲ್ಲಿ ಗುಮಾಸ್ತ, "ಏನಕ್ಕ, ಮೇಲಿಂದ ಏನು ಕಾಣ್ತು?" ಅಂದ. "ಹದಿನೈದು ನಿಮಿಷ ಕಾಣ್ತು," ಅಂದಳು ಅಕ್ಕ. ಅವನಿಗೆ ಅರ್ಥವಾಗಲಿಲ್ಲ.

ಎರಡೂ ಕಾಲಿನ ಹೆಬ್ಬೆರಳ ಉಗುರುಗಳು ಕಪ್ಪಗಾಗಿ ಉದುರಿದವು. ಗಂಡ ಬಿಸಿನೀರಿಗೆ ಉಪ್ಪು ಹಾಕಿ ಅವಳ ಮುಂದಿಟ್ಟು, "ಆಯ್ತಲ್ಲ ಆಸೆ?" ಅಂದ. ಅವಳು ಕಾಲು ಅದ್ದಿ ಯೋಚಿಸುತ್ತಾ ಕೂತಿದ್ದಳು. "ಆಗಿಲ್ಲ," ಅಂದಳು. "ತಪ್ಪು ನನ್ನ ಕಾಲಿಂದಲ್ಲ ರೀ. ಹೊರಡೋ ಹೊತ್ತಿಂದು."

ಮುಂದಿನ ವರ್ಷ ಪಟ್ಟಿಯ ಜೊತೆ ಕ್ಯಾಪ್ಟನ್ ಹೊಸ ಸಾಲೊಂದು ಸೇರಿಸಿದ: ಹೊರಟ ಏಳು ತಾಸಿನೊಳಗೆ ಶಿಖರ ಮುಟ್ಟಬಲ್ಲವರು ಮಾತ್ರ ಹೆಸರು ಕೊಡಬೇಕು. ಯಾರಿಗಾಗಿ ಬರೆದದ್ದು ಅನ್ನುವುದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಊಟದ ಬಿಡುವಿನಲ್ಲಿ ಸಭೆ ಸೇರಿದಾಗ ಅಕ್ಕ ಕೆಲಸದ ಏಪ್ರನ್ನಿನಲ್ಲೇ ಮೇಲೆ ಬಂದಳು.

"ಒಂದು ಕೇಳ್ತೀನಿ," ಅಂದಳು. ರೋಲರಿನ ದನಿ, ಸಭೆ ತನ್ನಷ್ಟಕ್ಕೆ ಸುಮ್ಮನಾಯಿತು. "ಎಲ್ರೂ ಒಂದೇ ಹೊತ್ತಿಗೆ ಯಾಕೆ ಹೊರಡ್ಬೇಕು? ನಿಧಾನ ನಡೆಯೋರು ನಾಲ್ಕಕ್ಕೆ ಹೊರಟ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಅದಕ್ಕೆ ಇನ್ನೊಬ್ಬ ಮುಂದಾಳು ಬೇಕು," ಅಂದ ಕ್ಯಾಪ್ಟನ್. "ನಾನು ಒಬ್ಬನೇ ಇರೋದು."

"ನಾನಿದೀನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕ್ಯಾಪ್ಟನ್ ನಗಲಿಲ್ಲ. "ದಾರಿ ಗೊತ್ತಾ? ಕತ್ತಲಲ್ಲಿ ಹೋಗೋದು."

"ಕೇಳಿ ನೋಡಿ."

"ಹಳ್ಳ ದಾಟಿದ ಮೇಲೆ?"

"ಎರಡು ದಾರಿ ಒಡೆಯುತ್ತೆ. ಎಡಗಡೆದು ದನದ ದಾರಿ, ನೂರು ಹೆಜ್ಜೆಗೆ ಮುಳ್ಳಿಗೆ ಹೋಗಿ ನಿಲ್ಲುತ್ತೆ. ಬಲಗಡೆ ಸಿಡಿಲು ಹೊಡೆದ ಮರ. ಅದರ ಬುಡದಿಂದ ಹತ್ಬೇಕು. ಆಮೇಲೆ ಮೂರು ಕಡೆ ನೀರಿನ ಸದ್ದು ಕೇಳುತ್ತೆ, ನೀರು ಸಿಗೋದು ಎರಡನೇ ಕಡೆ ಮಾತ್ರ. ಹುಲ್ಲಿನಲ್ಲಿ ಮೊದಲ್ನೇ ದಿಬ್ಬ ಸುಳ್ಳು ದಿಬ್ಬ, ಅದೇ ಶಿಖರ ಅಂದ್ಕೊಂಡ್ರೆ ಕೆಟ್ಟೆವು. ಅದರ ಎಡಗಡೆ ಬಳಸಿದ್ರೆ ಇಳಿದು ಹತ್ತೋದು ತಪ್ಪುತ್ತೆ. ನೀವೆಲ್ಲ ಅದರ ತಲೆ ಮೇಲೇ ಹತ್ತಿ ಇಳಿದ್ರಿ, ನಾನು ಕೆಳಗಿಂದ ನೋಡ್ತಿದ್ದೆ."

ಇಪ್ಪತ್ತು ಸಲ ಕ್ಯಾಪ್ಟನ್ ಆ ದಿಬ್ಬದ ತಲೆ ಹತ್ತಿ ಇಳಿದಿದ್ದ.

"ನಿಧಾನ ಹೋದೋಳಿಗೆ ಒಂದೊಂದು ಕಲ್ಲೂ ಪರಿಚಯ," ಅಂದಳು ಅಕ್ಕ. "ಯಾರು ಬರ್ತೀರಿ ನನ್ನ ಜೊತೆ?"

ಕೌಂಟರಿನವನು ಕುರ್ಚಿ ಕಿರುಗುಟ್ಟಿಸಿಕೊಂಡು ಎದ್ದುನಿಂತ. ಆಮೇಲೆ ಯಾರೂ ನಿರೀಕ್ಷಿಸದ ಕಡೆಯಿಂದ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ಕೈಯೆತ್ತಿದರು. ಹಳೆಯ ಮೂಳೆಮುರಿತದಿಂದ ಎಡಗಾಲು ಎಳೆದು ನಡೆಯುವವರು. ಹಿಂದಿನ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ನಾನೂ ಬರಬಹುದಾ?" ಅಂದರು.

"ಬರಬಹುದಾ ಅಂತೆ! ಬನ್ನಿ ಸಿಸ್ಟರ್," ಅಂದಳು ಅಕ್ಕ.

ಕ್ಯಾಪ್ಟನ್ ತುಟಿ ಬಿಗಿದುಕೊಂಡು ಪಟ್ಟಿಯ ಕೆಳಗೆ ಒಂದು ಗೆರೆ ಎಳೆದು, ಮೂರು ಹೆಸರು ಬೇರೆಯಾಗಿ ಬರೆದ. "ಎರಡು ಗಂಟೆ ನಿಯಮ ನಿಮಗೂ ಉಂಟು. ಆರೂವರೆ ಬಸ್ಸೂ."

"ಉಂಟಲ್ಲ, ಇರ್ಲಿ."

ಆ ವರ್ಷ ಬೆಟ್ಟದ ಬುಡದಿಂದ ಬೆಳಗಿನ ಜಾವ ನಾಲ್ಕಕ್ಕೆ ಮೂವರೂ ಟಾರ್ಚು ಹಿಡಿದು ಹೊರಟರು. ಅಕ್ಕ ಹೊರಡುವ ಮೊದಲು ಒಂದೇ ನಿಯಮ ಹೇಳಿದ್ದಳು: ಕೂತಲ್ಲಿಂದ ಏಳೋಣ ಅನ್ನುವ ಅಧಿಕಾರ ಕೊನೆಯಲ್ಲಿ ಬಂದವರದು. ಸಿಸ್ಟರ್ ಪ್ರತಿ ಸಲ ಕೊನೆಗೆ ಬಂದರು, ಪ್ರತಿ ಸಲ ಬೂಟು ಬಿಚ್ಚಿ ಕಾಲು ನೀವಿಕೊಂಡು, ನೀರು ಕುಡಿದು, ಒಂದು ಬೇಯಿಸಿದ ಮೊಟ್ಟೆಯನ್ನೂ ತಿಂದು, ಆಮೇಲೆ "ಹೊರಡೋಣವಾ?" ಅಂದರು. ಕಾಡಿನಲ್ಲಿ ಬೆಳಕು ಹರಿಯಿತು. ಸಿಡಿಲು ಹೊಡೆದ ಮರ ಇದ್ದಲ್ಲೇ ಇತ್ತು. ಸುಳ್ಳು ದಿಬ್ಬವನ್ನು ಎಡಕ್ಕೆ ಬಳಸಿದರು, ಅಲ್ಲೇ ಮುಕ್ಕಾಲು ಗಂಟೆ ಉಳಿಯಿತು. ಕೌಂಟರಿನವನು ಹಾಡು ಶುರುಮಾಡಿದ, ಏರು ಬಂದಾಗ ಹಾಡು ತಾನೇ ನಿಂತಿತು. ಕಲ್ಲಿನ ಏರಿನಲ್ಲಿ ಸಿಸ್ಟರ್ ಒಂದು ಕಡೆ ಕೂತು, "ನನ್ನಿಂದ ಆಗಲ್ಲ ಅನ್ಸುತ್ತೆ," ಅಂದಾಗ ಅಕ್ಕ ಸಮಾಧಾನ ಮಾಡಲು ಹೋಗಲಿಲ್ಲ. "ಆಗಲ್ಲ ಅನ್ನೋದನ್ನ ಎರಡು ಗಂಟೆಗೆ ಹೇಳಿ. ಈಗ ಹನ್ನೊಂದು," ಅಂದಳು ಅಷ್ಟೇ. ಸಿಸ್ಟರ್ ಬೈದುಕೊಂಡೇ ಎದ್ದರು.

ಹನ್ನೊಂದು ನಲವತ್ತಕ್ಕೆ ಮೂವರೂ ಶಿಖರದ ಮೇಲಿದ್ದರು.

ಕಲ್ಲುಗುಪ್ಪೆ ಅಂದುಕೊಂಡದ್ದಕ್ಕಿಂತ ಚಿಕ್ಕದು, ಅಕ್ಕನ ಸೊಂಟದ ಮಟ್ಟಕ್ಕಿತ್ತು. ಒಂದು ಕಡೆ ಹಾದು ಬಂದ ಕಾಡು, ಇನ್ನೊಂದು ಕಡೆ ಬೆಟ್ಟದ ಹಿಂದೆ ಬೆಟ್ಟ, ಅವುಗಳ ಸಂದಿನಲ್ಲಿ ಒಂದು ನದಿ, ಅದರಾಚೆ ಯಾವುದೋ ಊರಿನ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ನಿಧಾನವಾಗಿ ತಿರುಗಿದಳು. ಮೂವತ್ತೆರಡು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತವಳಿಗೆ ಎತ್ತ ನೋಡಬೇಕೆಂದೇ ತಿಳಿಯಲಿಲ್ಲ. ಎಷ್ಟೊಂದು ಜಾಗ! ಆಮೇಲೆ ಒಮ್ಮೆಗೇ ಗಂಟಲು ಬಿಟ್ಟು ಕೂಗಿದಳು. ಮಾತೇನೂ ಅಲ್ಲ, ಬರೀ ಕೂಗು. ಸಿಸ್ಟರ್ ಬೆಚ್ಚಿ ಮೊಟ್ಟೆ ಕೈಬಿಟ್ಟರು. ಕೂಗು ಕೆಳಗಿನ ಹುಲ್ಲಿನ ಬಯಲಲ್ಲಿ ಬರುತ್ತಿದ್ದ ಕ್ಯಾಪ್ಟನ್ನಿನ ತಂಡಕ್ಕೂ ಕೇಳಿತಂತೆ.

ಅವರು ಬಂದಾಗ ಹನ್ನೆರಡೂ ಐದು. ಕ್ಯಾಪ್ಟನ್ ಗಡಿಯಾರ ನೋಡಿಕೊಂಡ, ಈ ಮೂವರನ್ನು ನೋಡಿದ.

"ಬಂದು ಎಷ್ಟು ಹೊತ್ತಾಯ್ತು?"

"ಊಟ ಆಯ್ತು," ಅಂದಳು ಅಕ್ಕ. "ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ. ನಮಗೆ ಹೊರಡೋ ಹೊತ್ತು."

ಗುಮಾಸ್ತನೂ ಆ ತಂಡದಲ್ಲಿದ್ದ. ಏನೋ ಹೇಳಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ನೀರಿನ ಬಾಟಲಿಯನ್ನೇ ಬಾಯಿಗಿಟ್ಟುಕೊಂಡ.

ಇಳಿಯುವಾಗ ಎಲ್ಲವೂ ಹಾಗೆ ಸುಸೂತ್ರ ಆಗಲಿಲ್ಲ. ಕ್ಯಾಪ್ಟನ್ನಿನ ತಂಡ ಹೆಗಲಿನ ಹತ್ತಿರ ಇವರನ್ನು ದಾಟಿ ಮುಂದೆ ಹೋಯಿತು. ಹಳ್ಳದ ಹತ್ತಿರ ಪಾಚಿಗಲ್ಲಿನ ಮೇಲೆ ಸಿಸ್ಟರ್ ಕಾಲು ಜಾರಿತು, ಅದೇ ಎಡಗಾಲು ಉಳುಕಿತು. ಅಕ್ಕ ಚೀಲದ ಸೊಂಟದ ಬೆಲ್ಟು ಬಿಚ್ಚಿ ಅವರ ಕಾಲಿಗೆ ಬಿಗಿಯಾಗಿ ಸುತ್ತಿದಳು. ಕೌಂಟರಿನವನು ಒಂದು ಕಡೆ, ಅಕ್ಕ ಒಂದು ಕಡೆ ಹೆಗಲು ಕೊಟ್ಟು, ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ನಡೆದರು. ಕತ್ತಲಾಯಿತು, ಟಾರ್ಚು ಮತ್ತೆ ಹೊರಗೆ ಬಂತು. ಬಸ್ಸಿನ ದೀಪ ಕಂಡಾಗ ಏಳು ಗಂಟೆ.

ಕ್ಯಾಪ್ಟನ್ ಬಸ್ಸಿನ ಬಾಗಿಲಲ್ಲೇ ನಿಂತಿದ್ದ. ಹುಡುಕಿಕೊಂಡು ಹೊರಡಲು ಬೂಟಿನ ದಾರ ಬಿಗಿಯುತ್ತಿದ್ದ. ಅವನ ಮುಖದಲ್ಲಿ ಕೋಪ ಎಷ್ಟು, ಹೆದರಿಕೆ ಎಷ್ಟು ಎಂದು ಹೇಳುವುದು ಕಷ್ಟ.

"ಅರ್ಧ ಗಂಟೆ! ಅರ್ಧ ಗಂಟೆ ತಡ!" ಅಂದ. "ನಾನು ಮೊದಲೇ ಹೇಳಿದ್ದೆ. ಇದಕ್ಕೇ ಹೇಳಿದ್ದು!"

ಬಸ್ಸಿನೊಳಗೆ ಎಲ್ಲರೂ ಕಿಟಕಿಗೆ ಮುಖ ಹಚ್ಚಿದ್ದರು. ಅಕ್ಕ ಮೊದಲು ಸಿಸ್ಟರನ್ನು ಮೆಟ್ಟಿಲು ಹತ್ತಿಸಿ ಸೀಟಿನಲ್ಲಿ ಕೂರಿಸಿದಳು. ಮತ್ತೆ ಇಳಿದು ಬಂದು ಅವನ ಎದುರು ನಿಂತಳು.

"ತಪ್ಪು ನಮ್ದೇ," ಅಂದಳು. "ಮುಂದಿನ ವರ್ಷ ಮೂರೂವರೆಗೆ ಹೊರಡ್ತೀವಿ."

"ಮುಂದಿನ ವರ್ಷಾನಾ?"

"ಮತ್ತೆ?"

ಬಸ್ಸಿನ ಒಳಗಿನಿಂದ ಸಿಸ್ಟರ್, ಊದಿದ ಕಾಲನ್ನು ಎದುರಿನ ಸೀಟಿನ ಮೇಲೆ ಚಾಚಿಕೊಂಡೇ ಕೂಗಿದರು: "ಮೂರಕ್ಕೇ ಹೊರಡೋಣ ಅಕ್ಕ. ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕು ನನಗೆ."

"ಕೇಳಿಸ್ತಲ್ಲ?" ಅಂದಳು ಅಕ್ಕ ಕ್ಯಾಪ್ಟನ್ನಿಗೆ. "ಮೂರಕ್ಕೆ. ಬರ್ಕೊಳ್ಳಿ."